ಸಾಲಾರ್‌ಜಂಗರು ಮತ್ತು ಗಾಜಿನ ಐಶ್ವರ್ಯ

ಜೀವನಚರಿತ್ರೆಗಳನ್ನು ಬರೆಯುವವರು ಯೋಧರನ್ನೋ ಕವಿಗಳನ್ನೋ ಸಂತರನ್ನೋ ರಾಷ್ಟ್ರನಾಯಕರನ್ನೋ ಆರಿಸಿಕೊಳ್ಳುವುದು ವಾಡಿಕೆ. ಸಾಮಾನುಗಳನ್ನು ಕೊಳ್ಳುವುದನ್ನೇ ಜೀವಿತದ ಕೆಲಸವನ್ನಾಗಿ ಮಾಡಿಕೊಂಡ ಒಬ್ಬ ಶ್ರೀಮಂತರ ಕಥೆಯನ್ನು ರಾಜ್ಯೋತ್ಸವದ ಸಂಚಿಕೆಗೆ ಬರೆಯಹೊರಟರೆ ಓದುಗರಲ್ಲಿ ಕೆಲವರು ಹುಬ್ಬೇರಿಸಿಯಾರು. ಅದರಲ್ಲಿಯೂ ಈ ಮಹನೀಯರು ಕನ್ನಡಿಗರಲ್ಲ. ಕನ್ನಡಕ್ಕಾಗಿ ದುಡಿದವರೂ ಅಲ್ಲ. ಆದಾಗ್ಯೂ ಹೈದರಾಬಾದಿನ ಮೂರನೆಯ ಸಾಲಾರ್‌ಜಂಗರ ಖಾತೆಯಲ್ಲಿ ಕನ್ನಡ ನಾಡಿನ ಹೆಸರಿಗೆ ಒಂದು ಪುಟವಿದೆ. ಆ ಪುಟವನ್ನು ಇದುವರೆಗೆ ನಾವು ತೆರೆದು ನೋಡಿದ್ದು ಕಡಿಮೆಯೆಂದು ನನಗೆ ತೋರುತ್ತದೆ.

ಸಾಲಾರ್‌ಜಂಗ್ ಎಂಬುದು ವ್ಯಕ್ತಿಯ ಹೆಸರಲ್ಲ, ನಿಜಾಮರು ಕೊಟ್ಟ ಬಿರುದು. ಈ ಮನೆತನದ ಹಿರಿಯರು ಅರಬಸ್ಥಾನದ ಮದೀನಾದಿಂದ ಬಂದು ಮೊದಲು ನೆಲೆ ಕಂಡದ್ದು ನಮ್ಮ ವಿಜಾಪುರದಲ್ಲಿ, ಆದಿಲಶಾಹಿ ಸುಲ್ತಾನರ ಆಶ್ರಯದಲ್ಲಿ. ಮುಂದೆ ಕಾಲಚಕ್ರವು ತಿರುಗಿ ಅವರು ನಿಜಾಮರ ಆಸ್ಥಾನವನ್ನು ಸೇರಿ, ಒಬ್ಬರ ಹಿಂದೊಬ್ಬರಂತೆ ದಿವಾನಗಿರಿಯನ್ನು ನಡೆಸಿದರು. ಇವರಲ್ಲಿ ಎಲ್ಲರಿಗಿಂತ ಹೆಸರಾದವರು ಮೊದಲನೆಯ ಸಾಲಾರ್‌ಜಂಗ್, ಅಂದರೆ ಮೀರ್ ತುರಾಬ್ ಅಲಿಖಾನರು. ೧೮೫೩ರಲ್ಲಿ ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ದಿವಾನರಾದ ಅವರು ೧೮೮೩ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಆ ಪದವಿಯಲ್ಲಿದ್ದರು. ದಿವಾಳಿಯ ಅಂಚಿಗೆ ಬಂದಿದ್ದ ಸಂಸ್ಥಾನದ ಬೊಕ್ಕಸವನ್ನು ನೇರ್ಪಡಿಸಿದರು. ಜಿಲ್ಲೆಗಳ ಆಡಳಿತಕ್ಕೆ ಒಂದು ಕ್ರಮವನ್ನು ತಂದರು. ೧೮೫೭ರ ಬಂಡಾಯದಲ್ಲಿ ಅವರು ಇಂಗ್ಲಿಷರ ಪಕ್ಷದಲ್ಲಿ ಗಟ್ಟಿಯಾಗಿ ನಿಂತದ್ದರಿಂದ ಅವರ ಕೀರ್ತಿ ಲಂಡನ್ನಿನವರೆಗೂ ಹಬ್ಬಿತು. ನಮ್ಮ ಮುಂಡರಗಿಯ ಭೀಮರಾಯರು ೧೮೫೮ರಲ್ಲಿ ಹೋರಾಡುತ್ತ ಮಡಿದ ಕೊಪ್ಪಳದ ಕೋಟೆ ಆಗ ನಿಜಾಮರ ಸೀಮೆಯಲ್ಲಿಯೇ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಆ ಕೊಪ್ಪಳವೇ ನಮ್ಮ ಕಥೆಗೆ ಮುಖ್ಯವಾದದ್ದು. ಕೊಪ್ಪಳ ತಾಲ್ಲೂಕು ಸಾಲಾರ್‌ಜಂಗ್ ಮನೆತನದ ಜಹಗೀರಾಗಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ ಒಂದೆಂಬುದು ಕನ್ನಡಿಗರೆಲ್ಲರಿಗೂ ತಿಳಿದ ವಿಷಯ. ಜೈನರಿಗೆ ಮಹಾತೀರ್ಥವಾಗಿದ್ದ, ಅಶೋಕನ ಶಾಸನಗಳನ್ನು ಬಂಡೆಯ ಮೇಲೆ ಹೊತ್ತುಕೊಂಡಿರುವ ಆ ಕೊಪಣದ ರೈತನು ಎರೆಹೊಲದಲ್ಲಿ ಜೋಳ ಬೆಳೆದು ಕಟ್ಟುತ್ತಿದ್ದ ಕಂದಾಯವು ಹೈದರಾಬಾದಿನ ಒಂದು ದೇವಡಿಗೆ ಹೋಗಿ ಸೇರುತ್ತಿತ್ತು. ಜಹಗೀರೆಂದರೆ ಅದೇ ಅಲ್ಲವೆ? ನೆಲವು ಒಂದು ಕಡೆ, ಹುಟ್ಟುವಳಿಯು ಇನ್ನೊಂದು ಕಡೆ.

ಮೊದಲನೆಯ ಸಾಲಾರ್‌ಜಂಗರು ೧೮೭೬ರಲ್ಲಿ ಯೂರೋಪಿನ ಪ್ರವಾಸವನ್ನು ಕೈಕೊಂಡರು. ಆ ಪ್ರವಾಸದಲ್ಲಿ ರೋಮ್ ನಗರದಲ್ಲಿ ಬೆಂಜೋನಿ ಎಂಬ ಶಿಲ್ಪಿ ಕಡೆದ, ಮುಸುಕು ಹಾಕಿಕೊಂಡ ರೆಬೆಕಾಳ ಅಮೃತಶಿಲೆಯ ಮೂರ್ತಿಯನ್ನು ಕೊಂಡರು. ಕಲ್ಲಿನಲ್ಲಿ ತೆಳುವಾದ ಬಟ್ಟೆಯನ್ನು ತೋರಿಸಿ, ಆ ಬಟ್ಟೆಯ ಹಿಂದೆ ಮುಖವನ್ನೂ ತೋರಿಸುವ ಆ ಜಾಣ್ಮೆಯನ್ನು ನೋಡಲು ಈಗಲೂ ಜನರು ಸಾಲುಗಟ್ಟುತ್ತಾರೆ. ಅದೇ ೧೮೭೬ರಲ್ಲಿ ಮಳೆ ಕೈಕೊಟ್ಟು, ಧಾತು ಮತ್ತು ಈಶ್ವರ ಸಂವತ್ಸರಗಳ ಭೀಕರ ಬರವು ರಾಯಚೂರು, ಬಳ್ಳಾರಿ, ಧಾರವಾಡ ಪ್ರಾಂತಗಳನ್ನು ಹಿಂಡಿಹಾಕಿತು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಯಾರ ಮೇಲೂ ಅಪರಾಧವನ್ನು ಹೊರಿಸುವುದು ನನ್ನ ಉದ್ದೇಶವಲ್ಲ. ಮೂರ್ತಿಯನ್ನು ಕೊಂಡಾಗ ಬರ ಬರುವುದೆಂದು ಯಾರಿಗೆ ತಿಳಿದಿತ್ತು? ಆದರೆ ಇಸವಿ ಒಂದೇ ಎಂಬುದು ಮರೆಯುವಂಥದಲ್ಲ.

ಇನ್ನು ನಮ್ಮ ಕಥಾನಾಯಕರ ವಿಷಯ. ನವಾಬ ಮೀರ್ ಯೂಸುಫ್ ಅಲಿಖಾನರು, ಮುಂದೆ ಮೂರನೆಯ ಸಾಲಾರ್‌ಜಂಗರೆಂದು ಪ್ರಸಿದ್ಧರಾದವರು, ಹುಟ್ಟಿದ್ದು ೧೮೮೯ನೆಯ ಜೂನ್ ೧೩ರಂದು, ಪುಣೆಯಲ್ಲಿ. ನಮ್ಮ ಕಲ್ಯಾಣದಿಂದ ಘಾಟು ಹತ್ತಿದರೆ ಮೂರು ಗಂಟೆಯ ದಾರಿ. ತಂದೆಯವರಾದ ಎರಡನೆಯ ಸಾಲಾರ್‌ಜಂಗ್ ಮೀರ್ ಲಾಯಕ್ ಅಲಿಖಾನರು ೧೮೮೪ರಿಂದ ೧೮೮೭ರವರೆಗೆ ದಿವಾನರಾಗಿದ್ದು, ಪದವಿಯನ್ನು ಕಳೆದುಕೊಂಡಿದ್ದವರು. ಮಗುವಿಗೆ ಇನ್ನೂ ಒಂದು ತಿಂಗಳು ತುಂಬುವ ಮೊದಲೇ, ಇಪ್ಪತ್ತಾರರ ಆಸುಪಾಸಿನ ಹರೆಯದಲ್ಲಿ, ಅವರು ಕಾಲವಾದರು. ಹೀಗೆ ತಂದೆಯ ಮುಖವನ್ನೇ ಅರಿಯದ ಕೂಸು ಹೈದರಾಬಾದಿನ ಅತ್ಯಂತ ದೊಡ್ಡ ಜಹಗೀರುಗಳಲ್ಲೊಂದಕ್ಕೆ ವಾರಸುದಾರನಾಯಿತು. ಆರನೆಯ ನಿಜಾಮ ಮಹಬೂಬ್ ಅಲಿಖಾನರು ಹುಡುಗನ ಮತ್ತು ಆಸ್ತಿಯ ಯೋಗಕ್ಷೇಮವನ್ನು ನೋಡಿಕೊಂಡರು. ಪಿತ್ರಾರ್ಜಿತವಾದ ಬಿರುದೂ ಕಾಲಕ್ರಮದಲ್ಲಿ ಈ ಹುಡುಗನಿಗೇ ಬಂದಿತು.

೧೯೧೨ರಲ್ಲಿ, ಮಹಾರಾಜ ಕಿಷನ್ ಪ್ರಸಾದರು ದಿವಾನಗಿರಿಯಿಂದ ನಿವೃತ್ತರಾದಾಗ, ಹೊಸದಾಗಿ ಪಟ್ಟಕ್ಕೆ ಬಂದಿದ್ದ ಏಳನೆಯ ನಿಜಾಮ ಉಸ್ಮಾನ್ ಅಲಿಖಾನರು ಯೂಸುಫ್ ಅಲಿಖಾನರನ್ನು ದಿವಾನರನ್ನಾಗಿ ನೇಮಿಸಿದರು. ಆಗ ಇವರಿಗೆ ಇಪ್ಪತ್ತಮೂರು ವರ್ಷ. ನಿಜಾಮರಿಗೂ ಇವರಿಗಿಂತ ಮೂರೇ ವರ್ಷ ಹೆಚ್ಚು. ಅಜ್ಜನ ಹೆಸರನ್ನು ಹೊತ್ತ ತರುಣನಿಂದ ಜನರು ಅಜ್ಜನ ಕಾರ್ಯವನ್ನೇ ನಿರೀಕ್ಷಿಸಿರಬೇಕು. ಆದರೆ ಆ ಕಾಲವು ಬೇರೆ. ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳಬೇಕೆಂಬ ಮನೋಭಾವದ ಪ್ರಭುಗಳು ಒಂದು ಕಡೆ, ಆಡಳಿತದ ಅನುಭವವಿಲ್ಲದ ತರುಣ ದಿವಾನರು ಇನ್ನೊಂದು ಕಡೆ. ಎರಡು ವರ್ಷ ಚಿಲ್ಲರೆ ನಡೆದು, ೧೯೧೪ರ ಕೊನೆಯಲ್ಲಿ ಇವರು ಪದವಿಯನ್ನು ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ೧೯೧೯ರವರೆಗೆ ನಿಜಾಮರು ದಿವಾನರೆಂಬುವರೇ ಇಲ್ಲದೆ ತಾವೇ ನೇರವಾಗಿ ರಾಜ್ಯಭಾರ ನಡೆಸಿದರೆಂಬುದನ್ನು ನೋಡಿದರೆ, ತಪ್ಪೆಲ್ಲ ಈ ತರುಣರದೇ ಆಗಿರಲಾರದೆಂದು ಊಹಿಸಬಹುದು.

ಇಪ್ಪತ್ತೈದನೆಯ ವಯಸ್ಸಿಗೆ ಒಬ್ಬ ಮನುಷ್ಯನ ಉದ್ಯೋಗಪರ್ವವೇ ಮುಗಿದುಹೋಯಿತು! ನಮ್ಮಲ್ಲಿ ಎಷ್ಟೋ ಮಂದಿ ಆ ವಯಸ್ಸಿಗೆ ಮೊದಲನೆಯ ನೌಕರಿಗಾಗಿ ಅರ್ಜಿ ಗುಜರಾಯಿಸುತ್ತಿರುತ್ತೇವೆ. ಅವರ ಮುಂದೆ ಮೂವತ್ತೈದು ವರ್ಷಗಳ ಆಯುಷ್ಯವಿತ್ತು, ಕೈತುಂಬ ಹಣವಿತ್ತು, ಮಾಡಲು ಕೆಲಸವಿರಲಿಲ್ಲ. ಅವರು ಮದುವೆಯನ್ನೂ ಆಗಲಿಲ್ಲ. ಇಂಥ ಪರಿಸ್ಥಿತಿಯಲ್ಲಿ ಹೈದರಾಬಾದಿನ ಅನೇಕ ನವಾಬರು ಯಾವ ದಾರಿ ಹಿಡಿದರೆಂಬುದನ್ನು ಬರೆಯಬೇಕಾದ್ದಿಲ್ಲ. ಇವರು ಹಿಡಿದ ದಾರಿ ಸಂಗ್ರಹದ್ದು. ಮುಸಿ ನದಿಯ ದಕ್ಷಿಣಕ್ಕೆ, ಚಾರ್‌ಮಿನಾರಿನಿಂದ ದೂರವಲ್ಲದ ದಿವಾನ್ ದೇವಡಿಯೆಂಬ ಹಿರಿಯರ ಅರಮನೆಯಲ್ಲಿ ಕುಳಿತು ಅವರು ಲೋಕವನ್ನೆಲ್ಲ ಮನೆಗೆ ತರಿಸಿಕೊಳ್ಳತೊಡಗಿದರು.

ಆ ಸಂಗ್ರಹದ ವಿಸ್ತಾರವನ್ನು ಹೇಳಿ ಮುಗಿಸಲು ಸಾಧ್ಯವಿಲ್ಲ. ಜೇಡ್ ಕಲ್ಲಿನ ಕಠಾರಿಗಳು, ಪಾರಸಿ ಜಮಖಾನೆಗಳು, ಚೀನದ ಪಿಂಗಾಣಿ, ಜಪಾನದ ಕಸೂತಿ, ಸಾವಿರಾರು ಹಸ್ತಪ್ರತಿಗಳು, ಗಂಟೆಗೊಮ್ಮೆ ಗೊಂಬೆಯು ಹೊರಬಂದು ಗಂಟೆ ಹೊಡೆಯುವ ಗಡಿಯಾರ, ಫ್ರಾನ್ಸಿನ ಹದಿನಾರನೆಯ ಲೂಯಿಯು ನಮ್ಮ ಟಿಪ್ಪೂ ಸುಲ್ತಾನನಿಗೆ ಕಳುಹಿಸಿದನೆಂದು ಹೇಳುವ ದಂತದ ಕುರ್ಚಿಗಳು, ಹೀಗೆ. ಅವರು ಸ್ವತಃ ದೇಶಾಂತರಗಳಿಗೆ ಹೋಗಿ ಕೊಂಡರು. ಅವರ ಈ ಹವ್ಯಾಸದ ವಾರ್ತೆ ಹಬ್ಬಿದಮೇಲೆ ದೇಶದೇಶಗಳ ವ್ಯಾಪಾರಿಗಳು ಪೆಟ್ಟಿಗೆಗಳನ್ನು ಹೊತ್ತು ದೇವಡಿಯ ಬಾಗಿಲಿಗೆ ಬರತೊಡಗಿದರು. ಅವರು ಕೊಂಡದ್ದೆಲ್ಲ ಉತ್ತಮವಾದದ್ದೇ ಎಂದು ಹೇಳುವುದು ಮುಖಸ್ತುತಿಯಾದೀತು. ಅಪೂರ್ವವಾದ ವಸ್ತುವಿನ ಪಕ್ಕದಲ್ಲಿ ಸಾಧಾರಣವಾದದ್ದೂ, ಮೂಲದ ಪಕ್ಕದಲ್ಲಿ ಪ್ರತಿಕೃತಿಯೂ ಅಲ್ಲಿ ಸೇರಿಕೊಂಡಿವೆ. ಒಂದು ವಿಷಯದಲ್ಲಿ ಪರಿಣತರಾಗುವುದಕ್ಕಿಂತ ಎಲ್ಲವನ್ನೂ ಸವಿಯುವ ಹಸಿವು ಅವರದು.

ಇಷ್ಟೆಲ್ಲದರ ನಡುವೆ ನನ್ನ ಮನಸ್ಸನ್ನು ಸೆಳೆದದ್ದು ಅವರ ಗಾಜಿನ ಸಂಗ್ರಹ. ಇದಕ್ಕೆ ನನ್ನ ಉದ್ಯೋಗವೂ ಒಂದು ಕಾರಣವಿದ್ದೀತು. ಬ್ಯಾಂಕಿನಲ್ಲಿ ಚಿನ್ನದ ಮೇಲೆ ಸಾಲ ಕೊಡುವ ಮೇಜಿನ ಹಿಂದೆ ಕೆಲವು ವರ್ಷ ಕುಳಿತವನಿಗೆ ವಸ್ತುಗಳನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ. ಬಳೆಯಾಗಲಿ, ಸರವಾಗಲಿ, ಅದರ ಕುಸುರಿಯು ನಮಗೆ ಮುಖ್ಯವಲ್ಲ. ಕರಗಿಸಿದರೆ ಎಷ್ಟು ಗ್ರಾಂ ಉಳಿಯುತ್ತದೆಂಬುದೇ ಮುಖ್ಯ. ಬೆಳ್ಳಿಗೂ ಹೀಗೆಯೇ. ವಜ್ರವನ್ನು ಬಿಡಿಸಿ ಮತ್ತೊಂದು ಒಡವೆಗೆ ಕೂಡಿಸಬಹುದು. ಗಾಜಿನ ಸಂಗತಿಯೇ ಬೇರೆ. ಅದರ ಮೂಲದ್ರವ್ಯವು ಮರಳು, ಸೋಡಾ, ಸುಣ್ಣ. ಒಡೆದ ಮರುಕ್ಷಣದಲ್ಲಿ ಅದರ ಬೆಲೆ ಸೊನ್ನೆ. ಯಾವ ಬ್ಯಾಂಕೂ ಗಾಜಿನ ಹೂದಾನಿಯನ್ನು ಒತ್ತೆಯಿಟ್ಟುಕೊಂಡು ಸಾಲ ಕೊಡುವುದನ್ನು ನಾನು ಕಂಡಿಲ್ಲ. ಹೀಗಿದ್ದೂ ಲೋಕದ ಶ್ರೀಮಂತರು ಗಾಜಿಗಾಗಿ ರಾಶಿ ಹಣ ಸುರಿದರು. ಅವರು ಕೊಂಡದ್ದು ಕೇವಲ ಒಬ್ಬ ಕುಶಲಕರ್ಮಿಯ ಉಸಿರನ್ನು, ಕೈಯ ಒಂದು ತಿರುವನ್ನು, ಬೆಳಕು ಒಳಹೊಕ್ಕು ಹೊರಬರುವ ಒಂದು ರೀತಿಯನ್ನು.

ಸಾಲಾರ್‌ಜಂಗರ ಸಂಗ್ರಹದಲ್ಲಿ ವೆನಿಸ್, ಬೊಹೀಮಿಯ, ಇಂಗ್ಲೆಂಡು, ಐರ್ಲೆಂಡು, ಫ್ರಾನ್ಸು, ಬೆಲ್ಜಿಯಂ, ತುರ್ಕಿಸ್ಥಾನದ ಇಸ್ತಾಂಬುಲ್ ಮುಂತಾದ ಕಡೆಗಳ ಗಾಜಿದೆ. ಇವೆಲ್ಲ ಒಂದೇ ಬಗೆಯವಲ್ಲ. ವೆನಿಸ್ ನಗರದವರು ಬೆಂಕಿಯ ಭಯದಿಂದ ೧೨೯೧ರಲ್ಲಿ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಸಾಗಿಸಿ, ಕಸುಬಿನ ಗುಟ್ಟು ಹೊರಗೆ ಹೋಗದಂತೆ ಕಾದರು. ಅವರ ಗಾಜು ತೆಳುವು, ಊದಿ ಎಳೆದು ಮಾಡಿದ್ದು. ಬೊಹೀಮಿಯದವರು ಕಾಡಿನ ಮರದ ಬೂದಿಯಿಂದ ತೆಗೆದ ಪೊಟ್ಯಾಷನ್ನು ಬಳಸಿ ಗಟ್ಟಿಯಾದ ಗಾಜನ್ನು ಮಾಡಿ ರತ್ನದಂತೆ ಕೊರೆದರು. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣದ ಪದರವನ್ನು ಹೊದಿಸಿ, ಮೇಲಿನದನ್ನು ಕೊರೆದು ಕೆಳಗಿನದನ್ನು ತೋರಿಸುವ ವಿದ್ಯೆಯು ಅವರಿಗೆ ಕರಗತ. ಇಂಗ್ಲೆಂಡಿನವರು ಸೀಸವನ್ನು ಸೇರಿಸಿ ಭಾರವಾದ, ಕಿಡಿಯಂತೆ ಹೊಳೆಯುವ ಸ್ಫಟಿಕವನ್ನು ಮಾಡಿದರು. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿಯು ಕಲ್ಕತ್ತೆಯಲ್ಲಿಯೇ ಅಂಗಡಿ ತೆರೆದು ನಮ್ಮ ರಾಜಮಹಾರಾಜರಿಗೆ ತೂಗುದೀಪಗಳನ್ನೂ, ಗಾಜಿನ ಕುರ್ಚಿ ಮೇಜುಗಳನ್ನೂ ಮಾರಿತು.

ದಿವಾನ್ ದೇವಡಿಯಲ್ಲಿ ಗಾಜಿನ ಪ್ರೀತಿ ಹಿರಿಯರಿಂದಲೇ ಬಂದದ್ದು. ಅಲ್ಲಿ ಗೋಡೆಗಳಿಗೆಲ್ಲ ಕನ್ನಡಿ ಹೊದಿಸಿದ ಆಯ್ನಾಖಾನೆಯೆಂಬ ಒಂದು ಮಹಲೂ, ಪಿಂಗಾಣಿಯ ತಟ್ಟೆಗಳನ್ನು ಗೋಡೆಗೆ ಕೂಡಿಸಿದ ಚೀನಿಖಾನೆಯೆಂಬ ಇನ್ನೊಂದೂ ಇದ್ದವು. ನಮ್ಮ ಮೈಸೂರಿನಲ್ಲಿಯೂ ಇದೇ ಕಾಲದಲ್ಲಿ ಗಾಜು ಅರಮನೆಯನ್ನು ಹೊಕ್ಕಿತು. ೧೮೯೭ರಿಂದ ೧೯೧೨ರವರೆಗೆ ಕಟ್ಟಿದ ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪದ ಮೇಲ್ಚಾವಣಿಯ ನವಿಲುಗಳ ಬಣ್ಣದ ಗಾಜು ಗ್ಲಾಸ್ಗೋದಲ್ಲಿ ತಯಾರಾದದ್ದು. ಆದರೆ ಮೈಸೂರಿನದು ಕಟ್ಟಡದ ಅಂಗವಾದ ಗಾಜು. ದರಬಾರಿಗೆ ಬಂದವರು ತಲೆಯೆತ್ತಿ ನೋಡಲೆಂದು ಇಟ್ಟದ್ದು. ಸಾಲಾರ್‌ಜಂಗರದು ಕೈಯಲ್ಲಿ ಹಿಡಿದು, ತಿರುಗಿಸಿ, ಬೆಳಕಿಗೆ ಒಡ್ಡಿ ನೋಡುವ ಗಾಜು. ಮನೆಯಲ್ಲಿ ಹೆಂಡತಿ ಮಕ್ಕಳಿಲ್ಲದ ಮನುಷ್ಯನು ಸಂಜೆಯ ಹೊತ್ತು ಒಂದು ಬಟ್ಟಲನ್ನು ದೀಪದ ಮುಂದೆ ಹಿಡಿದು ಕುಳಿತಿರುವ ಚಿತ್ರ ನನ್ನ ಕಣ್ಣಿಗೆ ಕಟ್ಟುತ್ತದೆ. ಇದು ನನ್ನ ಕಲ್ಪನೆ, ಅಷ್ಟೆ.

ಸಾಲಾರ್‌ಜಂಗರು ಹೈದರಾಬಾದಿನಲ್ಲಿ ಕೊಳ್ಳುತ್ತಿದ್ದ ಕಾಲಕ್ಕೆ ಅಮೆರಿಕದಲ್ಲಿಯೂ ಗಾಜಿನ ಹುಚ್ಚು ಏರಿ ಇಳಿಯಿತು. ಆ ಕಥೆಯನ್ನು ಇಲ್ಲಿ ಸ್ವಲ್ಪ ಹೇಳದಿದ್ದರೆ ಇವರ ಸಂಗ್ರಹದ ಭಾಗ್ಯವು ಎಂಥದೆಂದು ತಿಳಿಯುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನ ಒಂದು ಕಾರ್ಖಾನೆಯವರು ೧೮೮೩ರಲ್ಲಿ ಆಂಬರಿನಾ ಎಂಬ ಗಾಜನ್ನು ತಂದರು. ಜೇನಿನ ಬಣ್ಣದ ಗಾಜಿಗೆ ಲವಲೇಶ ಚಿನ್ನವನ್ನು ಬೆರೆಸಿ, ಪಾತ್ರೆಯ ಒಂದು ಭಾಗವನ್ನು ಮಾತ್ರ ಮತ್ತೆ ಕುಲುಮೆಯಲ್ಲಿ ಕಾಯಿಸಿದರೆ ಆ ಭಾಗವು ಮಾಣಿಕ್ಯದ ಕೆಂಪಾಗುತ್ತದೆ. ಉಳಿದದ್ದು ಜೇನಿನ ಬಣ್ಣದಲ್ಲಿಯೇ ನಿಲ್ಲುತ್ತದೆ. (ಈ ಚಿನ್ನವನ್ನೂ ಒತ್ತೆಯಿಡಲು ಬರುವುದಿಲ್ಲ!) ಅದಾದಮೇಲೆ ನ್ಯೂಯಾರ್ಕಿನ ಆಭರಣ ವ್ಯಾಪಾರಿಯ ಮಗನಾದ ಲೂಯಿ ಕಂಫರ್ಟ್ ಟಿಫನಿ ಎಂಬಾತನು ಬಂದನು. ಶತಮಾನಗಳ ಕಾಲ ಮಣ್ಣಿನಲ್ಲಿ ಹೂತಿದ್ದ ರೋಮನ್ನರ ಗಾಜು ನವಿಲುಗರಿಯಂತೆ ಬಣ್ಣ ಬಣ್ಣವಾಗಿ ಮಿನುಗುವುದನ್ನು ಕಂಡು, ಲೋಹದ ಲವಣಗಳ ಆವಿಯನ್ನು ಕಾದ ಗಾಜಿನ ಮೇಲೆ ಹಾಯಿಸಿ ಆ ಮಿನುಗನ್ನು ಕೆಲವು ಗಳಿಗೆಗಳಲ್ಲಿ ತರುವುದನ್ನು ಸಾಧಿಸಿದನು. ೧೮೯೪ರಲ್ಲಿ ಫೆವ್ರಿಲ್ ಎಂಬ ಹೆಸರನ್ನು ನೋಂದಾಯಿಸಿದನು. ಎರಡೇ ವರ್ಷದಲ್ಲಿ ಹ್ಯಾವ್‌ಮೈಯರ್ ಎಂಬ ಸಕ್ಕರೆಯ ಸಾಹುಕಾರನು ಅವನ ಗಾಜನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ದಾನ ಮಾಡಿದನು.

ಶ್ರೀಮಂತರ ಮನೆಯ ವಸ್ತುವನ್ನು ಬಡವರ ಮನೆಗೆ ತರುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ೧೯೦೭ರ ಹೊತ್ತಿಗೆ ಫೆಂಟನ್ ಮೊದಲಾದ ಕಂಪನಿಗಳು ಅಚ್ಚಿನಲ್ಲಿ ಒತ್ತಿದ ಅಗ್ಗದ ಬಟ್ಟಲುಗಳಿಗೆ ಅದೇ ಮಿನುಗನ್ನು ಹಾಯಿಸಿ ಮಾರತೊಡಗಿದವು. ಮುಂದೆ ಅದು ಜಾತ್ರೆಗಳಲ್ಲಿ ಬಹುಮಾನವಾಗಿ ಹಂಚುವ ಸಾಮಾನಾಯಿತು. ಆದುದರಿಂದಲೇ ಸಂಗ್ರಾಹಕರು ಅದನ್ನು ಕಾರ್ನಿವಲ್ ಗಾಜು, ನಮ್ಮ ಮಾತಿನಲ್ಲಿ ಜಾತ್ರೆಯ ಗಾಜು, ಎಂದು ಕರೆದರು. ನಮ್ಮ ಫಿರೋಜಾಬಾದಿನಲ್ಲಿಯೂ ಜೈನ್ ಗ್ಲಾಸ್ ವರ್ಕ್ಸ್‌ನವರು ಈ ಬಗೆಯ ಲೋಟಗಳನ್ನೂ ಹೂದಾನಿಗಳನ್ನೂ ಮಾಡಿದರು. ಅವುಗಳನ್ನು ಈಗ ಅಮೆರಿಕದವರೇ ಹುಡುಕಿ ಕೊಳ್ಳುತ್ತಾರೆಂಬುದು ಸ್ವಾರಸ್ಯದ ಸಂಗತಿ. ಇತ್ತ ಟಿಫನಿಯ ಗತಿಯೇನಾಯಿತು? ಜನರ ಅಭಿರುಚಿ ತಿರುಗಿತು. ಅವನ ಕಂಪನಿ ೧೯೩೨ರಲ್ಲಿ ದಿವಾಳಿಯಾಯಿತು. ಮರುವರ್ಷ ಅವನೂ ತೀರಿಕೊಂಡನು. ಅವನು ಕಟ್ಟಿಸಿದ ಲಾರೆಲ್ಟನ್ ಹಾಲ್ ಎಂಬ ಮಹಲು ೧೯೫೭ರಲ್ಲಿ ಸುಟ್ಟುಹೋಯಿತು. ಉಳಿದ ಕಿಟಕಿಗಳನ್ನು ಮ್ಯಾಕ್‌ಕೀನ್ ಎಂಬ ದಂಪತಿಗಳು ಬೂದಿಯ ನಡುವಿನಿಂದ ಆರಿಸಿಕೊಂಡು ಹೋಗಿ ಫ್ಲಾರಿಡಾದಲ್ಲಿ ಕಾಪಾಡಿದರು. ಕೇಳುವವರಿಲ್ಲದೆ ಬಿದ್ದಿದ್ದ ಅವನ ದೀಪಗಳಿಗೆ ಮುಂದಿನ ತಲೆಮಾರಿನಲ್ಲಿ ರಾಜರ ಬೆಲೆ ಬಂದಿತು. ಗಾಜಿನ ಬೆಲೆಯು ಗಾಜಿನಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಗಾಜು ಮಾಡುವ ವಿದ್ಯೆ ನಮ್ಮವರಿಗೆ ತಿಳಿಯದ್ದೇನೂ ಆಗಿರಲಿಲ್ಲ. ಟಿಪ್ಪೂವಿನ ಪತನಾನಂತರ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಸಾಹೇಬನು ಚಿತ್ರದುರ್ಗದ ಕಡೆಯ ಮತ್ತೋಡಿನಲ್ಲಿ ಗಾಜಿನ ಬಳೆಗಳನ್ನು ಮಾಡುತ್ತಿದ್ದ ಕುಲುಮೆಗಳನ್ನು ವಿವರವಾಗಿ ವರ್ಣಿಸಿದ್ದಾನೆ. ನಮ್ಮವರ ಗಾಜು ಹೆಂಗಸರ ಮುಂಗೈಯನ್ನು ಏರಿತು, ಜಾತ್ರೆಗೊಮ್ಮೆ ಒಡೆಯಿತು, ಮತ್ತೆ ಕೊಂಡದ್ದಾಯಿತು. ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಯೋಚನೆ ಯಾರಿಗೂ ಬರಲಿಲ್ಲ. ಕೊಪ್ಪಳದ ಜಹಗೀರಿನಲ್ಲಿ ಕಂದಾಯ ಕಟ್ಟಿದ ರೈತನ ಮನೆಯಲ್ಲಿಯೂ ಗಾಜೆಂದರೆ ಹೆಂಡತಿಯ ಹಸಿರು ಬಳೆಗಳಷ್ಟೇ ಇದ್ದಿರಬೇಕು.

ಆ ರೈತನ ಲೆಕ್ಕವನ್ನು ಈಗ ಯಾರೂ ಬಿಡಿಸಿ ತೋರಿಸಲಾರರು. ಸಾಲಾರ್‌ಜಂಗರ ಜಹಗೀರುಗಳು ಕೊಪ್ಪಳವೊಂದೇ ಅಲ್ಲ. ತೆಲುಗರ, ಮರಾಠಿಗರ ಸೀಮೆಗಳಲ್ಲಿಯೂ ಇದ್ದವು. ಅಜಂತಾ ಗ್ರಾಮವೂ ಅವರದೇ. ಎಲ್ಲ ಕಡೆಯ ಹುಟ್ಟುವಳಿಯು ಒಂದೇ ಖಜಾನೆಗೆ ಬಂದು ಬೆರೆತಮೇಲೆ, ಈ ಹೂದಾನಿಯು ಕೊಪ್ಪಳದ ಜೋಳದಿಂದ ಬಂದದ್ದು, ಆ ಬಟ್ಟಲು ತೆಲುಗರ ಭತ್ತದಿಂದ ಬಂದದ್ದು ಎಂದು ವಿಂಗಡಿಸುವುದು ಸಾಧ್ಯವಿಲ್ಲ. ಆದರೆ ಒಂದು ಪಾಲು ನಮ್ಮದೆಂಬುದರಲ್ಲಿ ಸಂದೇಹವಿಲ್ಲ. ತುಂಗಭದ್ರೆಯು ಪಕ್ಕದಲ್ಲಿಯೇ ಹರಿಯುತ್ತಿದ್ದರೂ ಅದಕ್ಕೆ ಅಣೆಕಟ್ಟಿನ ಕೆಲಸ ಮೊದಲಾದದ್ದು ೧೯೪೫ರಲ್ಲಿ. ಮಳೆಯನ್ನೇ ನೆಚ್ಚಿಕೊಂಡಿದ್ದ ಆ ಸೀಮೆಯಲ್ಲಿ ಒಂದು ಕೆರೆಯ ಹೂಳನ್ನು ತೆಗೆಸಲು ಬೇಕಾದ ಹಣಕ್ಕೆ ಎಷ್ಟು ಬೊಹೀಮಿಯದ ಬಟ್ಟಲುಗಳು ಬರುತ್ತಿದ್ದವೋ! ಹೀಗೆ ಯೋಚಿಸಿದಾಗ ಸಿಟ್ಟು ಬರುವುದು ಸಹಜ. ನನಗೂ ಬಂದಿದೆ. ಆದರೆ ಅದೇ ಕಾಲದ ಬೇರೆ ಜಹಗೀರುದಾರರು ಬೇಟೆಗೆ, ಜೂಜಿಗೆ, ಮೆರವಣಿಗೆಗೆ ಸುರಿದ ರೈತರ ಹಣವು ಎಲ್ಲಿಯೂ ಉಳಿಯಲಿಲ್ಲ. ಇವರು ಸುರಿದದ್ದು ಕಣ್ಣೆದುರಿಗೆ ಉಳಿದಿದೆ. ಟಿಕೀಟು ಕೊಂಡರೆ ಕೊಪ್ಪಳದ ರೈತನ ಮೊಮ್ಮಗಳೂ ಅದನ್ನು ನೋಡಬಹುದು.

ಅದು ಹೀಗೆ ಉಳಿದದ್ದು ಕೂದಲೆಳೆಯ ಅಂತರದಿಂದ. ೧೯೪೮ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿತು. ೧೭ರಂದು ನಿಜಾಮರ ಆಳ್ವಿಕೆ ಕೊನೆಗಂಡಿತು. ೧೯೪೯ರ ಮಾರ್ಚ್ ೨ರಂದು ಸಾಲಾರ್‌ಜಂಗರು ಅವಿವಾಹಿತರಾಗಿಯೇ ಕಾಲವಾದರು. ಅದೇ ವರ್ಷ ಆಗಸ್ಟ್ ೧೫ರಂದು ಜಹಗೀರುಗಳೆಲ್ಲ ರದ್ದಾದವು. ಅಂದರೆ ಕೊಪ್ಪಳದ ಕೊನೆಯ ಜಹಗೀರುದಾರರು ಜಹಗೀರು ಹೋಗುವ ಐದು ತಿಂಗಳ ಮೊದಲೇ ಹೊರಟುಹೋದರು. ಹಿಂದೆ ಉಳಿದದ್ದು ವಾರಸುದಾರನಿಲ್ಲದ ಅರಮನೆ, ಲೆಕ್ಕವಿಲ್ಲದಷ್ಟು ಸಾಮಾನು, ಹಕ್ಕು ಹೇಳುವ ನೆಂಟರಿಷ್ಟರ ದೊಡ್ಡ ಗುಂಪು.

ಇಂಥ ಆಸ್ತಿಗಳ ಗತಿಯು ಸಾಮಾನ್ಯವಾಗಿ ಏನಾಗುವುದೆಂದು ಬ್ಯಾಂಕಿನವರಿಗೂ ವಕೀಲರಿಗೂ ಚೆನ್ನಾಗಿ ಗೊತ್ತು. ಮೊದಲು ದಾವೆ, ಆಮೇಲೆ ಹಿಸ್ಸೆ, ಕೊನೆಗೆ ಹರಾಜು. ಚಿನ್ನವಾದರೆ ಹಂಚಬಹುದು, ನೂರು ಲೋಲಕಗಳ ತೂಗುದೀಪವನ್ನು ಹತ್ತು ಜನ ಹಂಚಿಕೊಂಡರೆ ಹತ್ತು ಜನರಿಗೂ ಸಿಕ್ಕುವುದು ಗಾಜಿನ ಚೂರೇ. ಈ ಕಷ್ಟದ ಗಳಿಗೆಯಲ್ಲಿ ಆಗಿನ ಮುಖ್ಯ ನಾಗರಿಕ ಆಡಳಿತಗಾರರಾಗಿದ್ದ ವೆಲ್ಲೋಡಿಯವರು ಮುಂದಾಲೋಚನೆಯಿಂದ ನಡೆದುಕೊಂಡರು. ಆಸ್ತಿಯನ್ನು ಒಂದು ಸಮಿತಿಯ ವಶಕ್ಕೆ ಕೊಟ್ಟು, ವಸ್ತುಗಳನ್ನು ಒಂದು ಸಂಗ್ರಹಾಲಯವಾಗಿ ಅಣಿಗೊಳಿಸಲು ಡಾಕ್ಟರ್ ಜೇಮ್ಸ್ ಕಸಿನ್ಸ್ ಅವರನ್ನು ಕೇಳಿಕೊಂಡರು. ಕಸಿನ್ಸರು ಕನ್ನಡಿಗರಿಗೆ ಅಪರಿಚಿತರಲ್ಲ. ಐರ್ಲೆಂಡಿನ ಕವಿಯಾದ ಅವರು ಮದನಪಲ್ಲಿಯಲ್ಲಿ ನೆಲೆಸಿದ್ದವರು. ೧೯೨೪ರ ಸುಮಾರಿಗೆ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ರೂಪ ಕೊಡುವುದರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ನೆರವಾದವರು. ತಿರುವನಂತಪುರದ ಚಿತ್ರಾಲಯವೂ ಅವರ ಕೈಯದೇ. ಅರಮನೆಯ ಮೂಲೆಮೂಲೆಗಳಲ್ಲಿ ರಾಶಿಬಿದ್ದದ್ದನ್ನು ವಿಂಗಡಿಸಿ ಜೋಡಿಸಿ, ೧೯೫೧ನೆಯ ಡಿಸೆಂಬರ್ ೧೬ರಂದು ದಿವಾನ್ ದೇವಡಿಯಲ್ಲಿಯೇ ಸಂಗ್ರಹಾಲಯವನ್ನು ತೆರೆಯಲಾಯಿತು. ಜವಾಹರಲಾಲ ನೆಹರೂ ಅವರು ಉದ್ಘಾಟಿಸಿದರು.

ವಾರಸುದಾರರ ವ್ಯವಹಾರ ಇನ್ನೂ ಹಲವು ವರ್ಷ ನಡೆಯಿತು. ಕೊನೆಗೆ ೧೯೫೮ರಲ್ಲಿ ಒಪ್ಪಂದವಾಗಿ, ಅವರು ಸಂಗ್ರಹವನ್ನು ದೇಶಕ್ಕೆ ಬಿಟ್ಟುಕೊಟ್ಟರು. ಇದು ಸಾಮಾನ್ಯವಾದ ಔದಾರ್ಯವಲ್ಲ. ಒಂದು ಹಿತ್ತಿಲಿಗಾಗಿ ಅಣ್ಣತಮ್ಮಂದಿರು ಮುಖ ನೋಡದಂತಾಗುವುದನ್ನು ಕಂಡಿರುವ ನಮಗೆ ಅದರ ತೂಕ ತಿಳಿಯುತ್ತದೆ. ೧೯೬೧ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ೧೯೬೮ರಲ್ಲಿ ಮುಸಿ ನದಿಯ ದಂಡೆಯ ಹೊಸ ಕಟ್ಟಡಕ್ಕೆ ಸಾಮಾನುಗಳೆಲ್ಲ ಸಾಗಿದವು. ಹಳೆಯ ದೇವಡಿಯ ಬಹುಭಾಗವು ಈಗ ಉಳಿದಿಲ್ಲ. ಆಯ್ನಾಖಾನೆಯ ಕಲ್ಲುಗಾರೆಯ ಗೋಡೆಗಳು ಹೋದವು. ಒಳಗಿದ್ದ ಗಾಜು ಉಳಿಯಿತು. ಈ ನಡುವೆ ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆಯೊಡನೆ ಕೊಪ್ಪಳವು ಕನ್ನಡ ನಾಡನ್ನು ಸೇರಿತು. ೧೯೯೭ರಲ್ಲಿ ತಾನೇ ಒಂದು ಜಿಲ್ಲೆಯಾಯಿತು. ೨೦೧೯ರಲ್ಲಿ ಆ ಭಾಗಕ್ಕೆಲ್ಲ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಕಲ್ಯಾಣದಲ್ಲಿ ಮನೆಮಾಡಿರುವ ನಮಗೆ ಈ ಹೆಸರನ್ನು ಕೇಳಿದಾಗ ಅಂಚೆಯವನು ವಿಳಾಸವನ್ನು ಎಲ್ಲಿ ಅದಲುಬದಲು ಮಾಡಿಯಾನೋ ಎಂಬ ಅನುಮಾನ ಬಾರದಿರದು.

ಕೆಲವು ವರ್ಷಗಳ ಹಿಂದೆ ನಾನು ಸಂಸಾರಸಮೇತನಾಗಿ ಅಲ್ಲಿಗೆ ಹೋಗಿದ್ದೆನು. ಗಂಟೆ ಹನ್ನೆರಡಾಗುವ ಮೊದಲು ಜನರೆಲ್ಲ ಗಡಿಯಾರದ ಅಂಗಳಕ್ಕೆ ಓಡುತ್ತಾರೆ. ನಮ್ಮ ಮಕ್ಕಳೂ ತಾಯಿಯ ಕೈಹಿಡಿದು ಓಡಿದರು. ಆ ಹದಿನೈದು ಇಪ್ಪತ್ತು ನಿಮಿಷ ಗಾಜಿನ ಕೋಣೆಯು ಬರಿದಾಗುತ್ತದೆ. ನೆಮ್ಮದಿಯಾಗಿ ನೋಡಬೇಕೆನ್ನುವವರಿಗೆ ಅದೇ ಸುಮುಹೂರ್ತ. ಬಟ್ಟಲಿನ ಎದುರಿಗೆ ನೇರವಾಗಿ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ಸರಿದು ನಿಂತರೆ ಕೊರೆತದ ಅಂಚುಗಳಲ್ಲಿ ಬೆಳಕು ಒಡೆಯುವುದು ಕಾಣುತ್ತದೆ. ಕುಳಿತು ಕೆಳಗಿನಿಂದ ನೋಡಿದರೆ ಬಣ್ಣದ ಪದರಗಳು ಎಣಿಕೆಗೆ ಸಿಕ್ಕುತ್ತವೆ. ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು, ಆಮೇಲೆ ಅವರೇ ನಮ್ಮನ್ನು ಎಳೆದೊಯ್ಯುತ್ತಾರೆ.

ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಕಲ್ಯಾಣದಿಂದ ರಾತ್ರಿಯ ಹುಸೇನ್‌ಸಾಗರ ಗಾಡಿ ಹತ್ತಿದರೆ, ಬೆಳಿಗ್ಗೆ ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಕಲಬುರ್ಗಿಯ ಕನ್ನಡ ಫಲಕ ಕಿಟಕಿಯಲ್ಲಿ ಕಾಣುತ್ತದೆ. ಅಲ್ಲಿಂದ ಮುಂದೆ ಹೈದರಾಬಾದಿಗೆ ಹೆಚ್ಚು ದೂರವಿಲ್ಲ.